ಹಬ್ ನಟ್ ಬಿಗಿದ ಸಂಜೆ

ಗ್ರೇಟರ್ ನೋಯ್ಡಾದ ಗ್ಯಾರೇಜೊಂದರಲ್ಲಿ ನಮ್ಮ ಕಾರಿಗೆ ಹೊಸ ಡ್ರೈವ್‌ಶಾಫ್ಟ್ ಕೂರಿಸಿದ ಹುಡುಗ, ಹಳೆಯ ಹಬ್ ನಟ್ಟನ್ನೇ ಏರ್ ಗನ್ನಿನಿಂದ ಬಿಗಿದು ‘ಹೋ ಗಯಾ’ ಎಂದ. ನಾವಿಬ್ಬರೂ ಒಪ್ಪಲಿಲ್ಲ. (ಹಿಂದಿಯಲ್ಲಿ ವಾದಿಸುವಾಗ ನಮಗೆ ಇಂದಿಗೂ ಲಿಂಗ ತಪ್ಪುತ್ತದೆ.) ಮರುದಿನ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ 165 ಕಿಲೋಮೀಟರ್ ಕ್ರಮಿಸಿ ಆಗ್ರಾ ಸೇರಬೇಕಿತ್ತು, ಹಿಂದಿನ ಸೀಟಿನಲ್ಲಿ ಊರಿನಿಂದ ಬಂದ ಅಮ್ಮ.

ಆ ನಟ್ಟು ಹಿಡಿದಿಡುವುದು ಶಾಫ್ಟನ್ನಷ್ಟೇ ಅಲ್ಲ, ಚಕ್ರದ ಬೇರಿಂಗನ್ನೂ. ಬಿಗಿ ಸಾಲದಿದ್ದರೆ ಬೇರಿಂಗ್ ಅಲುಗಿ ಸವೆದು, ಕೊನೆಗೆ ಚಕ್ರವೇ ಕೈಕೊಡಬಹುದು. ಹೊಸ ನಟ್ಟು ತರಿಸಿದೆವು. ಚಕ್ರದ ಮೇಲೆ ಕಾರಿನ ಭಾರ ಬೀಳುವ ಮುನ್ನವೇ, ಒಬ್ಬರು ಬ್ರೇಕ್ ತುಳಿದು ಕುಳಿತೆವು. ಇನ್ನೊಬ್ಬರು ಟಾರ್ಕ್ ವ್ರೆಂಚನ್ನು ಕೈಪಿಡಿಯ ಅಂಕಿಗೆ ಹೊಂದಿಸಿ ಎಳೆದೆವು. ‘ಟಕ್’ ಎಂದಿತು. ನಟ್ಟಿನ ಅಂಚನ್ನು ಶಾಫ್ಟಿನ ತೋಡಿನೊಳಕ್ಕೆ ತಟ್ಟಿ ಮಡಚಿದೆವು.

ಹುಡುಗ ಅಂಕಿ ಕೇಳಿ, ಕಾರಿನ ಹೆಸರಿನೊಡನೆ ಗೋಡೆಯ ಮೇಲೆ ಬರೆದುಕೊಂಡ.