ಪೇ ಸ್ಲಿಪ್ಪಿನ ಪದಗಳು

ಚಾಮರಾಜಪೇಟೆಯ ಕನ್ನಡ ಮಾಧ್ಯಮ ಶಾಲೆಯೊಂದರ ಒಂಬತ್ತನೇ ತರಗತಿ. ದುಡಿಮೆಗೆ ಸಂಬಂಧಿಸಿದ ಹತ್ತು ಇಂಗ್ಲಿಷ್ ಪದಗಳನ್ನು ಮಿಂಚುಪಟ್ಟಿಗಳಲ್ಲಿ ಬರೆದು ಒಯ್ದಿದ್ದೆ. ‘ವೇಜ್’, ‘ಸ್ಯಾಲರಿ’ ಸಲೀಸಾಗಿ ಮುಗಿದವು. ‘ಡಿಡಕ್ಷನ್’ಗೆ ‘ಕಡಿತ’ ಎಂದು ಬರೆದೆ. ‘ಪ್ರಾವಿಡೆಂಟ್ ಫಂಡ್’ ಅಂದರೆ ‘ಭವಿಷ್ಯ ನಿಧಿ’ ಎಂದೆ. ಎರಡೂ ಯಾರಿಗೂ ತಿಳಿಯಲಿಲ್ಲ. ‘ಪಿಎಫ್’ ಎಂದೊಡನೆ ಅರ್ಧ ತರಗತಿ ಕೈ ಎತ್ತಿತು. ಹಲವರ ತಾಯಂದಿರು ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವವರು.

ಹಿಂದಿನ ಬೆಂಚಿನ ಹುಡುಗಿ ಎದ್ದಳು. “ಅಮ್ಮಂಗೆ ತಿಂಗಳು ತಿಂಗಳೂ ಕಟ್ ಮಾಡ್ತಾರೆ ಮಿಸ್. ಹೋದ ದುಡ್ಡು ಹೋಯ್ತು ಅಂತಾಳೆ.”

ನನ್ನ ‘ಕಡಿತ’ವೂ ಅದನ್ನೇ ಹೇಳುತ್ತಿತ್ತಲ್ಲ! ಪಟ್ಟಿಯಲ್ಲಿಲ್ಲದ ‘ಕಾಂಟ್ರಿಬ್ಯೂಷನ್’ ಪದವನ್ನು ಹಲಗೆಯ ಮೇಲೆ ಬರೆದೆ. ಮೂಲ ವೇತನ, ತುಟ್ಟಿಭತ್ಯೆಯ ಶೇ. 12ರಷ್ಟು ಅಮ್ಮನ ವಂತಿಗೆ. ಮಾಲೀಕರೂ ತಮ್ಮ ಪಾಲು ಕಟ್ಟಬೇಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದದ್ದು ಈ ಹಣ ತೆಗೆಯಲು ಹಾಕಿದ ಹೊಸ ನಿರ್ಬಂಧದ ವಿರುದ್ಧ, ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು ಎಂದೂ ಹೇಳಿದೆ.

“ಹಂಗಾದ್ರೆ ಅದು ನಮ್ದೇ ದುಡ್ಡಾ ಮಿಸ್?”

ಗಂಟೆ ಹೊಡೆಯಿತು. ಆರು ಪಟ್ಟಿಗಳು ಕೈಯಲ್ಲೇ ಉಳಿದವು. ವೀಕ್ಷಕರು ‘ಪಾಠ ಅಪೂರ್ಣ’ ಎಂದು ಬರೆದರು, ಸರಿಯೇ. ಮರುದಿನ ಆ ಹುಡುಗಿ ಅಮ್ಮನ ಪೇ ಸ್ಲಿಪ್ ತಂದು, ಪಿಎಫ್ ಕೆಳಗಿನ ‘ಇಎಸ್‌ಐ’ ಸಾಲಿನ ಮೇಲೆ ಬೆರಳಿಟ್ಟಳು. “ಇದೂ ವಾಪಸ್ ಬರುತ್ತಾ?”