ಗಂಟಿಲ್ಲದ ನೂಲು



ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಯಾರೋ ಅರ್ಧಕ್ಕೆ ಬಿಟ್ಟುಹೋದ ಕೈಕೆಲಸವೊಂದು ಇದ್ದೀತು. ನನ್ನ ಮನೆಯಲ್ಲಿಯೂ ಇತ್ತು. ನಮ್ಮ ತಾಯಿ ಸಭೆಯ ಸ್ತ್ರೀಸಂಘದಲ್ಲಿ ನಲವತ್ತು ವರ್ಷ ಸೂಜಿ ಹಿಡಿದವರು. ಕರ್ತನ ಮೇಜಿಗೆ ಹೊದಿಸುವ ಬಿಳಿಯ ವಸ್ತ್ರದ ಅಂಚಿಗೆ ದ್ರಾಕ್ಷಿಬಳ್ಳಿಯ ಕಸೂತಿ ಹಾಕುತ್ತಿದ್ದ ದಿನಗಳಲ್ಲಿಯೇ, 2016ರಲ್ಲಿ, ಅವರು ಕರ್ತನಲ್ಲಿ ನಿದ್ರೆಹೋದರು. ಮೂರು ಅಂಚುಗಳು ಮುಗಿದಿದ್ದವು. ನಾಲ್ಕನೆಯದರಲ್ಲಿ ಬಳ್ಳಿ ನಡುವೆಯೇ ನಿಂತಿತ್ತು, ಸೂಜಿಯೂ ಅಲ್ಲಿಯೇ ಚುಚ್ಚಿಕೊಂಡಿತ್ತು. ನಾನು ಅದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟೆ. ಮೂರು ವರ್ಷ ಅದರ ಮುಚ್ಚಳ ತೆರೆಯಲಿಲ್ಲ. ತೆರೆಯುವ ಧೈರ್ಯ ಬಂದದ್ದು ದೂರದ ವಿಯೆಟ್ನಾಮಿನ ಬೆಟ್ಟದ ಹಳ್ಳಿಯಲ್ಲಿ ಹ್ಮಾಂಗ್ ಜನಾಂಗದ ಅಜ್ಜಿಯೊಬ್ಬರು ನನಗೆ ನೂಲು ಜೋಡಿಸಲು ಕಲಿಸಿದ ಮೇಲೆ.

ಹನೋಯಿಯಲ್ಲಿ ಉದ್ಯೋಗದಲ್ಲಿದ್ದ ಮಗಳನ್ನು ನೋಡಲೆಂದು ನಾನು 2019ರ ಆಗಸ್ಟ್ ತಿಂಗಳಲ್ಲಿ ಅಲ್ಲಿಗೆ ಹೋಗಿದ್ದೆ. ಅವಳಿಗೆ ರಜೆಯಿರಲಿಲ್ಲ. ಹಾಗಾಗಿ ಒಂದು ವಾರದ ಮಟ್ಟಿಗೆ ನಾನೊಬ್ಬಳೇ ಉತ್ತರದ ಲಾವ್ ಕಾಯ್ ಪ್ರಾಂತ್ಯದ ಸಾ ಪಾ ಎಂಬ ಊರಿಗೆ ಹೊರಟೆ. ಸುಮಾರು 1500 ಮೀಟರ್ ಎತ್ತರದಲ್ಲಿರುವ ತಂಪಾದ ಊರು ಅದು. ಎದುರಿಗೆ ವಿಯೆಟ್ನಾಮಿನ ಅತ್ಯುನ್ನತ ಶಿಖರವಾದ ಫಾನ್ಸಿಪಾನ್, ಕೆಳಗೆ ಕಣಿವೆಯುದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭತ್ತದ ಗದ್ದೆಗಳು. ಬಸ್ಸಿನಿಂದ ಇಳಿದ ಕೂಡಲೇ ಕಡುನೀಲಿ ಉಡುಪಿನ ಹೆಂಗಸರು ಬೆನ್ನಿಗೆ ಬಿದಿರಿನ ಬುಟ್ಟಿ ಹೊತ್ತು ನಮ್ಮನ್ನು ಸುತ್ತುವರಿದರು. ಅವರ ಕೈಗಳನ್ನು ಕಂಡು ಬೆರಗಾದೆ. ಮಣಿಕಟ್ಟಿನವರೆಗೂ ನೀಲಿ! ತೊಳೆದರೂ ಹೋಗದ ನೀಲಿ. ಒಬ್ಬಾಕೆ ಕಸೂತಿಯ ಬಟ್ಟೆಯೊಂದನ್ನು ಮುಂದೆ ಹಿಡಿದಳು. ನಾನು ಊರಿನ ಸಂತೆಯ ಅಭ್ಯಾಸದಂತೆ ಚೌಕಾಶಿ ಮಾಡಿ ಅರ್ಧ ಬೆಲೆಗೆ ಕೊಂಡೆ. ಜಾಣತನ ಮಾಡಿದೆನೆಂಬ ಹೆಮ್ಮೆಯೂ ಆಯಿತು. ಆ ಹೆಮ್ಮೆ ಎರಡು ದಿನ ಮಾತ್ರ ಉಳಿಯಿತು.

ಸಾ ಪಾದಿಂದ ಆರೇಳು ಕಿಲೋಮೀಟರ್ ಕೆಳಗೆ ಲಾವ್ ಚಾಯ್ ಎಂಬ ಹಳ್ಳಿಯಿದೆ. ಅಲ್ಲಿ ಪ್ರವಾಸಿಗರಿಗೆ ಇಂಬು ಕೊಟ್ಟು ಕೈಕೆಲಸವನ್ನೂ ಕಲಿಸುವ ಮನೆಯೊಂದರಲ್ಲಿ ನಾನು ತಂಗಿದೆ. ಮನೆಯ ಯಜಮಾನಿ ಎಪ್ಪತ್ತು ದಾಟಿದ ಅಜ್ಜಿ. ಪ್ರವಾಸಿಗರಿಂದಲೇ ಇಂಗ್ಲಿಷ್ ಕಲಿತಿದ್ದ ಸೊಸೆ ನಮ್ಮಿಬ್ಬರ ನಡುವೆ ದುಭಾಷಿಯಾದಳು. ಮಗ್ಗದ ಮುಂದೆ ಕುಳಿತು ನೇಯ್ಗೆ ಕಲಿಯಬೇಕೆಂಬುದು ನನ್ನ ಆಸೆ. ಅದಕ್ಕೆ ಕಾರಣವೂ ಇತ್ತು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ನಡೆಸಿದ ನೇಯ್ಗೆ ಕಾರ್ಖಾನೆಯನ್ನು ನಮ್ಮ ಕರಾವಳಿಯ ಸಭೆಗಳು ಮರೆತಿಲ್ಲ. ಕ್ರಿಸ್ತನನ್ನು ಸ್ವೀಕರಿಸಿದ ಕಾರಣಕ್ಕೆ ಕುಲದ ಕಸುಬನ್ನೂ ಮನೆಯನ್ನೂ ಕಳೆದುಕೊಂಡವರಿಗೆ ಅನ್ನ ಕೊಟ್ಟ ಮಗ್ಗಗಳು ಅವು. ನನ್ನ ತಾಯಿಯ ಅಜ್ಜ ಅಲ್ಲಿ ದುಡಿದವರು. ಖಾಕಿ ಬಣ್ಣ ಅಲ್ಲಿಯೇ ಮೊದಲು ಸಿದ್ಧವಾಯಿತೆಂದು ನಮ್ಮ ಹಿರಿಯರು ಹೇಳಿಕೊಳ್ಳುತ್ತಿದ್ದರು. ನೇಕಾರರ ಮೊಮ್ಮಗಳಿಗೆ ಲಾಳಿ ಒಲಿಯದೆ ಇರುತ್ತದೆಯೇ ಎಂದುಕೊಂಡಿದ್ದೆ.

ಆದರೆ ಅಜ್ಜಿ ನನ್ನನ್ನು ಮಗ್ಗದ ಹತ್ತಿರ ಬಿಡಲಿಲ್ಲ. ನಾರಿನ ಒಂದು ಸಿಂಬಿಯನ್ನು ಕೈಗಿತ್ತು ಹೊಸ್ತಿಲಲ್ಲಿ ಕೂರಿಸಿದರು.

ಹ್ಮಾಂಗ್ ಜನರ ಬಟ್ಟೆ ಹೆಂಪ್ ಎಂಬ ಗಿಡದ ನಾರಿನಿಂದ ಆಗುವಂಥದು. ಅದು ಗಾಂಜಾ ಗಿಡದ ಜಾತಿಯದೇ. ಆದರೆ ಇಲ್ಲಿ ಬೆಳೆಸುವುದು ನಾರಿಗಾಗಿ. ಕವಲೊಡೆಯದೆ ನೆಟ್ಟಗೆ ಬೆಳೆಯಲೆಂದು ಬೀಜವನ್ನು ಒತ್ತಾಗಿ ಬಿತ್ತುತ್ತಾರೆ. ಎರಡು ಮೂರು ತಿಂಗಳಲ್ಲಿ ಆಳೆತ್ತರ ಮೀರಿದ ಗಿಡಗಳನ್ನು ಕೊಯ್ದು ಒಣಗಿಸಿ, ದಂಟಿನಿಂದ ತೊಗಟೆಯನ್ನು ಕೈಯಿಂದಲೇ ಸುಲಿದು, ಸಣ್ಣ ಎಳೆಗಳಾಗಿ ಸೀಳಿ, ಒರಳಿನಲ್ಲಿ ಕುಟ್ಟಿ ಮೆತ್ತಗೆ ಮಾಡುತ್ತಾರೆ. ಆಮೇಲೆ ಎಳೆಗೆ ಎಳೆ ಜೋಡಿಸುವ ಕೆಲಸ. ಗಿಡ ಎಷ್ಟು ಎತ್ತರವೋ ಎಳೆ ಅಷ್ಟೇ ಉದ್ದ. ಒಂದು ಲಂಗಕ್ಕೆ ಬೇಕಾದ ನೂಲನ್ನು ಇಂತಹ ತುಂಡುಗಳಿಂದಲೇ ಕೂಡಿಸಬೇಕು. ಹೊಲಕ್ಕೆ ಹೋಗುವಾಗಲೂ ಸಂತೆಗೆ ನಡೆಯುವಾಗಲೂ ಹರಟೆಗೆ ನಿಂತಾಗಲೂ ಹ್ಮಾಂಗ್ ಹೆಂಗಸರ ಬೆರಳುಗಳು ನಾರು ಜೋಡಿಸುತ್ತಲೇ ಇರುತ್ತವೆ.

ನಾನು ಸುಲಭದ ದಾರಿ ಹಿಡಿದೆ. ಎರಡು ತುದಿಗಳನ್ನು ಸೇರಿಸಿ ಗಂಟು ಹಾಕಿದೆ. ಸಂಜೆಯ ಹೊತ್ತಿಗೆ ನಿಂಬೆಗಾತ್ರದ ಉಂಡೆಯಾಯಿತು. ಅಜ್ಜಿ ಅದನ್ನು ಬಿಚ್ಚುತ್ತಾ ಬಂದರು. ಗಂಟು ಸಿಕ್ಕಿದಲ್ಲೆಲ್ಲ ಹಲ್ಲಿನಿಂದ ಕಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಬೆಳಗಿನಿಂದ ನಾನು ಮಾಡಿದ್ದೆಲ್ಲ ಮತ್ತೆ ತುಂಡುಗಳಾಗಿ ನನ್ನ ಮಡಿಲಿಗೆ ಬಿತ್ತು. "ಗಂಟು ಹಣಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಅಲ್ಲಿಯೇ ಹಾಸು ಕಿತ್ತುಹೋಗುತ್ತದೆ ಎನ್ನುತ್ತಿದ್ದಾರೆ," ಎಂದು ಸೊಸೆ ವಿವರಿಸಿದಳು. ಬಳಿಕ ಅಜ್ಜಿ ನನ್ನ ಬೆರಳುಗಳನ್ನು ತಮ್ಮ ನೀಲಿಯ ಬೆರಳುಗಳಿಂದ ಹಿಡಿದು ತೋರಿಸಿದರು. ಹಳೆಯ ಎಳೆಯ ತುದಿಯನ್ನು ಉಗುರಿನಿಂದ ಎರಡಾಗಿ ಸೀಳಬೇಕು. ಆ ಸೀಳಿನೊಳಗೆ ಹೊಸ ಎಳೆಯನ್ನು ಇಡಬೇಕು. ಬೆರಳುಗಳ ನಡುವೆ ಹೊಸೆಯಬೇಕು. ಅಷ್ಟೇ. ಜೋಡಿಸಿದ ಜಾಗ ಕಣ್ಣಿಗೂ ಕಾಣದು, ಬೆರಳಿಗೂ ತಾಗದು. ಆದರೆ ಹಳೆಯದು ಸೀಳಿಕೊಳ್ಳದೆ ಹೊಸದಕ್ಕೆ ಅಲ್ಲಿ ಎಡೆಯಿಲ್ಲ.

ಎರಡನೆಯ ದಿನವೂ ಮೂರನೆಯ ದಿನವೂ ನಾನು ಮಾಡಿದ್ದು ಇದೊಂದೇ ಕೆಲಸ. ಎರಡು ದಿನದ ದುಡಿಮೆಗೆ ಒಂದು ಕಿತ್ತಳೆಯಷ್ಟು ಉಂಡೆ. ಅದರಿಂದ ಅಂಗೈಯಗಲದ ಬಟ್ಟೆಯಾದರೂ ಆದೀತೇ? ಸಾ ಪಾದಲ್ಲಿ ಅರ್ಧ ಬೆಲೆಗೆ ಕೊಂಡ ಬಟ್ಟೆ ನೆನಪಾಯಿತು. ಆ ರಾತ್ರಿ ಅದನ್ನು ಚೀಲದಿಂದ ಹೊರತೆಗೆದು ನೋಡಲು ನಾಚಿಕೆಯಾಯಿತು.

ಉಳಿದ ಹಂತಗಳನ್ನು ಅಜ್ಜಿ ಒಂದೊಂದಾಗಿ ತೋರಿಸಿದರು. ಕಾಲಿನಿಂದ ತುಳಿಯುವ ದೊಡ್ಡ ರಾಟೆಯಲ್ಲಿ ಒಟ್ಟಿಗೆ ಹಲವು ಕದಿರುಗಳಿಗೆ ನೂಲು ಸುತ್ತಿಕೊಳ್ಳುತ್ತದೆ. ನೂಲನ್ನು ಒಲೆಬೂದಿಯ ನೀರಿನಲ್ಲಿ ಕುದಿಸಿ, ತೊಳೆದು, ಬೆಳ್ಳಗಾಗುವ ತನಕ ಮತ್ತೆ ಮತ್ತೆ ಕುದಿಸುತ್ತಾರೆ. ಮಗ್ಗ ಬಹು ಸರಳ. ಹಾಸಿನ ಒಂದು ಕೊನೆ ಮರದ ಚೌಕಟ್ಟಿಗೆ, ಇನ್ನೊಂದು ಕೊನೆ ನೇಯುವವಳ ಸೊಂಟದ ಪಟ್ಟಿಗೆ. ಕಾಲಿಗೆ ಕಟ್ಟಿದ ಹಗ್ಗವನ್ನು ಎಳೆದಾಗ ಎಳೆಗಳು ಬಾಯಿ ತೆರೆಯುತ್ತವೆ, ಲಾಳಿ ಹಾಯುತ್ತದೆ. ಬೆನ್ನು ಬಾಗಿದರೆ ಹಾಸು ಸಡಿಲ, ನೆಟ್ಟಗಾದರೆ ಬಿಗಿ. ಅಂದರೆ ಆ ಮಗ್ಗದ ಅರ್ಧಭಾಗ ನೇಯುವವಳ ಮೈಯೇ ಆಗಿದೆ. ನೇಯ್ದ ಬಟ್ಟೆಯ ಅಗಲ ಒಂದು ಮೊಳಕ್ಕಿಂತಲೂ ಕಡಿಮೆ.

ಬಣ್ಣದ ಕೆಲಸ ಇನ್ನೂ ದೊಡ್ಡದು. ನೀಲಿ ಗಿಡದ ಎಲೆಗಳನ್ನು ದಿನಗಟ್ಟಲೆ ನೀರಿನಲ್ಲಿ ಕೊಳೆಯಿಸಿ, ಸುಣ್ಣ ಬೆರೆಸಿ ಕಡೆದರೆ ತಳದಲ್ಲಿ ನೀಲಿಯ ಕೆಸರು ಕೂರುತ್ತದೆ. ಅದನ್ನು ಬೂದಿನೀರು ಮತ್ತು ಅಕ್ಕಿಯ ಮದ್ಯದೊಂದಿಗೆ ಹುಳಿಯಿಸಿ, ಅದರಲ್ಲಿ ಬಟ್ಟೆ ಅದ್ದುತ್ತಾರೆ. ಹೊರತೆಗೆದ ಬಟ್ಟೆ ಮೊದಲು ಹಸಿರಾಗಿರುತ್ತದೆ. ಗಾಳಿ ತಾಗಿದಂತೆ ಕಣ್ಣೆದುರಿಗೇ ನೀಲಿಗೆ ತಿರುಗುತ್ತದೆ. ಕಪ್ಪಿಗೆ ಸಮೀಪದ ಆ ಕಡುನೀಲಿ ಬರಬೇಕಾದರೆ ವಾರಗಟ್ಟಲೆ ಅದ್ದುವುದೂ ಒಣಗಿಸುವುದೂ ನಡೆಯಬೇಕು. ಚಿತ್ರ ಬೇಕಾದಲ್ಲಿ ಕಾಯಿಸಿದ ಜೇನುಮೇಣದಿಂದ, ತಾಮ್ರದ ಪುಟ್ಟ ಅಲಗುಳ್ಳ ಲೇಖನಿಯಿಂದ ಗೆರೆ ಎಳೆದು ಅನಂತರ ಅದ್ದುತ್ತಾರೆ. ಮೇಣವಿದ್ದಲ್ಲಿ ಬಣ್ಣ ಹಿಡಿಯದು. ಕುದಿನೀರಿನಲ್ಲಿ ಮೇಣ ಕರಗಿದಾಗ ನೀಲಿಯ ನಡುವೆ ಬಿಳಿಯ ಗೆರೆಗಳು ಎದ್ದುಬರುತ್ತವೆ.

ಆ ಗೆರೆಗಳ ಬಗೆಗೆ ಹ್ಮಾಂಗ್ ಜನರಲ್ಲಿ ಒಂದು ಕಥೆಯಿದೆ. ಬಹುಕಾಲದ ಹಿಂದೆ ಅವರಿಗೂ ಲಿಪಿ ಇತ್ತಂತೆ. ಶತ್ರುಗಳಿಂದ ಓಡಿಹೋಗಿ ನದಿ ದಾಟುವಾಗ ಪುಸ್ತಕಗಳು ನೀರುಪಾಲಾದವಂತೆ. ಆದರೆ ಹೆಂಗಸರು ಕೆಲವು ಅಕ್ಷರಗಳನ್ನು ತಮ್ಮ ಲಂಗದ ಕಸೂತಿಯಲ್ಲಿ ಅಡಗಿಸಿ ಉಳಿಸಿದರಂತೆ. ಕಥೆ ಹಾಗಿರಲಿ, ಚರಿತ್ರೆಯೂ ಅದನ್ನೇ ಹೇಳುವಂತಿದೆ. 1950ರ ದಶಕದ ಮೊದಲ ವರ್ಷಗಳಲ್ಲಿ ಲಾವೋಸ್ ದೇಶದಲ್ಲಿ ವಿಲಿಯಂ ಸ್ಮಾಲಿ, ಲಿನ್‌ವುಡ್ ಬಾರ್ನಿ ಎಂಬ ಇಬ್ಬರು ಪ್ರಾಟೆಸ್ಟೆಂಟ್ ಮಿಶನರಿಗಳೂ ಇವ್ ಬೆರ್ತ್ರೇ ಎಂಬ ಕಥೋಲಿಕ ಗುರುಗಳೂ ಕೂಡಿ ಹ್ಮಾಂಗ್ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಕ್ರಮವನ್ನು ರೂಪಿಸಿದರು. ಸಭೆಗಳು ಬೇರೆಯಾದರೂ ಒಂದು ಜನಾಂಗದ ಅಕ್ಷರಕ್ಕಾಗಿ ಒಂದೇ ಮೇಜಿನ ಸುತ್ತ ಕುಳಿತ ಆ ಮೂವರನ್ನು ನಾವು ನೆನೆಯಬೇಕು. 1975ರಲ್ಲಿ ಲಾವೋಸ್ ಕಮ್ಯುನಿಸ್ಟರ ವಶವಾದಾಗ ಸಾವಿರಾರು ಹ್ಮಾಂಗ್ ಜನರು ಮತ್ತೆ ಒಂದು ನದಿಯನ್ನು, ಮೆಕಾಂಗನ್ನು, ದಾಟಿ ಥಾಯ್ಲೆಂಡ್ ಸೇರಿದರು. 1992ರಲ್ಲಿ ಮುಚ್ಚಿದ ಬಾನ್ ವಿನಾಯ್‌ನಂತಹ ಶಿಬಿರಗಳಲ್ಲಿ ಅವರ ಹೆಂಗಸರು, 'ಪಾಂದಾವ್' ಅಂದರೆ ಹೂಬಟ್ಟೆ ಎಂದು ಕರೆಯುವ ತಮ್ಮ ಕಸೂತಿಯಲ್ಲಿ ಊರು, ಯುದ್ಧ, ನದಿಯಲ್ಲಿ ಮುಳುಗಿದ ಮಕ್ಕಳು ಎಲ್ಲವನ್ನೂ ಚಿತ್ರಿಸಿದರು. ಆ ಕಥಾವಸ್ತ್ರಗಳು ಇಂದು ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿಯೂ ಇವೆ.

ಓದುಗರೇ, ನಾನು ನಿಮಗೆ ಹೇಳಬೇಕೆಂದಿದ್ದುದು ಐದನೆಯ ದಿನದ ಮಾತು.

ಅಂದು ಅಜ್ಜಿ ಮಗ್ಗದಲ್ಲಿ ನೇಯುತ್ತಿದ್ದರು. ಯಾರಿಗಾಗಿ ಎಂದು ಕೇಳಿದೆ. "ನನಗೇ, ಸತ್ತಾಗ ಉಡಿಸಲು," ಎಂದರು. ಸತ್ತವರಿಗೆ ಹೆಂಪ್ ಬಟ್ಟೆಯನ್ನೇ ಉಡಿಸಬೇಕು, ಇಲ್ಲವಾದರೆ ಆಚೆಗೆ ಹೋದಾಗ ಪೂರ್ವಿಕರು ಗುರುತು ಹಿಡಿಯುವುದಿಲ್ಲ ಎಂಬುದು ಅವರ ನಂಬಿಕೆ. ನಾನು ಕ್ರೈಸ್ತಳು. ಉಟ್ಟ ಬಟ್ಟೆಯಿಂದ ನಮ್ಮ ಗತಿ ನಿಶ್ಚಯವಾಗುವುದಿಲ್ಲವೆಂದು ನಂಬಿದವಳು. ಉತ್ತರ ನಾಲಗೆಯ ತುದಿಯಲ್ಲಿಯೇ ಇತ್ತು. ಅಷ್ಟರಲ್ಲಿ ಅಜ್ಜಿ ಲಾಳಿಯನ್ನು ನಿಲ್ಲಿಸಿ, "ನಿನ್ನ ತಾಯಿಯನ್ನು ಕಳುಹಿಸುವಾಗ ಏನು ಉಡಿಸಿದೆ?" ಎಂದು ಕೇಳಿದರು.

ನಾನು ಮೌನವಾದೆ. ಅಂದು ನಾನು ಬೆಂಗಳೂರಿನಲ್ಲಿದ್ದೆ. ತಾಯಿಗೆ ಹುಷಾರಿಲ್ಲವೆಂದು ಒಂದು ವಾರದಿಂದ ಫೋನು ಬರುತ್ತಿತ್ತು. ಕೆಲಸ ಮುಗಿಸಿ ಬರುತ್ತೇನೆಂದು ನಾನು ದಿನ ದೂಡಿದ್ದೆ. ಬರುವಷ್ಟರಲ್ಲಿ ನೆಂಟರು ಎಲ್ಲವನ್ನೂ ಮುಗಿಸಿದ್ದರು. ಯಾರೋ ಅಂಗಡಿಯಿಂದ ಅವಸರದಲ್ಲಿ ತಂದ ಸೀರೆ. ಅದರ ಬಣ್ಣವೂ ನನಗೆ ನೆನಪಿಲ್ಲ. ಊರಿಗೆಲ್ಲ ಹೊಲಿದುಕೊಟ್ಟ ತಾಯಿಗೆ ಕೊನೆಯ ಉಡುಪನ್ನು ಆರಿಸಿದವಳು ಮಗಳಲ್ಲ. "ನೆನಪಿಲ್ಲ," ಎಂದೆ. ಸೊಸೆ ಅದನ್ನು ಅನುವಾದಿಸಿದಳು. ಅಜ್ಜಿ ಏನೂ ಹೇಳಲಿಲ್ಲ. ಸೊಂಟದ ಪಟ್ಟಿ ಬಿಚ್ಚಿ ಎದ್ದುಬಂದು ನನ್ನ ಪಕ್ಕದಲ್ಲಿ ಕುಳಿತರು. ನನ್ನ ಕೈಯಲ್ಲಿದ್ದ ಎಳೆಯನ್ನು ತೆಗೆದುಕೊಂಡು, ತುದಿ ಸೀಳಿ, ಜೋಡಿಸಿ, ಮತ್ತೆ ನನ್ನ ಕೈಗಿತ್ತರು. ಕತ್ತಲಾಗುವ ತನಕ ನಾವಿಬ್ಬರೂ ಹಾಗೆಯೇ ಜೋಡಿಸುತ್ತ ಕುಳಿತಿದ್ದೆವು.

ಆ ಭಾನುವಾರ ಸಾ ಪಾದಲ್ಲಿ ಫ್ರೆಂಚರ ಕಾಲದ ಕಲ್ಲಿನ ದೇವಾಲಯಕ್ಕೆ ಹೋದೆ. ನೀಲಿ ಉಡುಪಿನ ಹ್ಮಾಂಗ್ ಕ್ರೈಸ್ತರು ಬೆಂಚುಗಳಲ್ಲಿ ಕುಳಿತಿದ್ದರು. ಮಾತು ತಿಳಿಯದಿದ್ದುದರಿಂದ ನನ್ನ ಮನಸ್ಸು ಯೊಪ್ಪದ ದೊರ್ಕಳ ಕಡೆಗೆ ಹೋಯಿತು. ಆಕೆ ಸತ್ತಾಗ ವಿಧವೆಯರು ಪೇತ್ರನಿಗೆ ತೋರಿಸಿದ್ದು ಆಕೆ ತಮಗಾಗಿ ಹೊಲಿದ ಬಟ್ಟೆಗಳನ್ನು. ತಾಯಿಯ ಸಮಾಧಿಯ ದಿನ ಸ್ತ್ರೀಸಂಘದ ಅಕ್ಕಂದಿರು ನನ್ನನ್ನು ಹೀಗೆಯೇ ಸುತ್ತುವರಿದು ಅವರು ಹೊಲಿದ ವಸ್ತ್ರಗಳ ಮಾತು ಆಡಿದ್ದರು. ನಾನು ಕಿವಿಗೊಟ್ಟಿರಲಿಲ್ಲ. ನನ್ನ ನಂಬಿಕೆ ಬದಲಾಗಿಲ್ಲ. ನಮ್ಮ ಕರ್ತನು ಸಮಾಧಿಯಿಂದ ಎದ್ದಾಗ ನಾರುಬಟ್ಟೆಗಳನ್ನು ಅಲ್ಲಿಯೇ ಬಿಟ್ಟು ಬಂದನು. ಮರಿಯಳನ್ನು ಹೆಸರು ಹಿಡಿದು ಕರೆದನು. ಗುರುತು ಹಿಡಿಯುವುದು ಅವನ ಕೆಲಸ. ಆದರೆ ಪ್ರೀತಿಸಿದವರಿಗಾಗಿ ಕೈ ದುಡಿಸುವುದು ನಮ್ಮ ಕೆಲಸವಲ್ಲವೇ? ಅಜ್ಜಿಯ ನಂಬಿಕೆಯನ್ನು ತಿದ್ದಲು ಹೊರಟಿದ್ದ ನಾನು ಆ ಕೆಲಸದಲ್ಲಿ ಅವರಿಗಿಂತ ಬಹು ಹಿಂದೆ ಇದ್ದೆ.

ಹೊರಡುವ ದಿನ ನನ್ನ ನೂಲುಂಡೆಯನ್ನು ಅಜ್ಜಿ ತಮ್ಮ ಬುಟ್ಟಿಯ ಉಂಡೆಗಳ ನಡುವೆ ಹಾಕಿಕೊಂಡರು. ಊರಿಗೆ ಬಂದು ನಾನು ಪೆಟ್ಟಿಗೆ ತೆರೆದೆ. ತಾಯಿಯ ಸೂಜಿಗೆ ತುಕ್ಕು ಹಿಡಿದಿತ್ತು. ಬೇರೆ ಸೂಜಿ ತಂದು, ಅವರು ನಿಲ್ಲಿಸಿದ ಎಲೆಯಿಂದಲೇ ಆರಂಭಿಸಿದೆ. ಅದೇ ವರ್ಷದ ಕ್ರಿಸ್ಮಸ್ ಹಬ್ಬದಂದು ಸಭಾಪಾಲಕರು ಆ ವಸ್ತ್ರವನ್ನು ಕರ್ತನ ಮೇಜಿಗೆ ಹೊದಿಸಿದರು. ಅಜ್ಜಿಯ ಜೋಡಣೆಯಂತೆ ನನ್ನದು ಕಾಣದೆ ಹೋಗಲಿಲ್ಲ. ತಾಯಿಯ ಹೊಲಿಗೆ ಎಲ್ಲಿ ಮುಗಿಯಿತು, ನನ್ನದು ಎಲ್ಲಿ ಮೊದಲಾಯಿತು ಎಂಬುದು ಮೊದಲ ಸಾಲಿನಲ್ಲಿ ಕುಳಿತವರಿಗೆಲ್ಲ ತಿಳಿಯುತ್ತದೆ. ಆದರೂ ಬಳ್ಳಿ ಸುತ್ತಿ ಬಂದು ಸೇರಿದೆ.

ಮತ್ತೆ ಹೋಗಬೇಕೆಂದಿದ್ದೆ. 2020ರಲ್ಲಿ ಕೊರೋನಾ ಬಂದು ಗಡಿಗಳು ಮುಚ್ಚಿದವು. 2022ರಲ್ಲಿ ಸೊಸೆಯಿಂದ ಸುದ್ದಿ ಬಂತು. ಅಜ್ಜಿ ತೀರಿಕೊಂಡಿದ್ದರು. ತಾವೇ ನೇಯ್ದ ಬಟ್ಟೆಯನ್ನು ಉಟ್ಟು ಹೊರಟರಂತೆ. ಅದರಲ್ಲಿ ನನ್ನ ನೂಲು ಸೇರಿತ್ತೇ ಎಂದು ನಾನು ಕೇಳಲಿಲ್ಲ.

ಓದುಗರೇ, ನಮ್ಮ ದಿನಗಳು ಆ ನಾರಿನ ಎಳೆಗಳಂತೆ ಚಿಕ್ಕವು. ಒಬ್ಬರದು ಮುಗಿದಲ್ಲಿ ಇನ್ನೊಬ್ಬರದು ಜೋಡಿಯಾಗಬೇಕು. ನಿಮ್ಮ ಮನೆಯಲ್ಲಿ ಹಿರಿಯ ಕೈಯೊಂದು ಇನ್ನೂ ಹೊಲಿಯುತ್ತಿದ್ದರೆ, ಚಾಪೆ ಹೆಣೆಯುತ್ತಿದ್ದರೆ, ಹೂ ಕಟ್ಟುತ್ತಿದ್ದರೆ, ಈ ವಾರವೇ ಅದರ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಕೆಲಸ ಮುಗಿಸಿ ಬರುತ್ತೇನೆಂದು ದಿನ ದೂಡಬೇಡಿರಿ.