‘ಆಗಲಿ’ ಎಂಬ ಹಾರೈಕೆ

ಶಾಲೆಯ ವ್ಯಾಕರಣ ಪುಸ್ತಕದಲ್ಲಿ ವಿಧ್ಯರ್ಥಕ ಕ್ರಿಯಾಪದದ ಪಾಠವು ಅರ್ಧ ಪುಟದಲ್ಲಿ ಮುಗಿದುಹೋಗುತ್ತದೆ. ಆಶೀರ್ವಾದ, ಅಪ್ಪಣೆ, ಆಜ್ಞೆ, ಹಾರೈಕೆ ಇವೆಲ್ಲವನ್ನೂ ಒಂದೇ ಹೆಸರಿನಡಿ ಹೇಳಿ, ವಿದ್ಯಾರ್ಥಿಗಳಿಂದ ರೂಪಗಳನ್ನು ಬಾಯಿಪಾಠ ಮಾಡಿಸಿ, ಗುರುಗಳು ಮುಂದಿನ ಪಾಠಕ್ಕೆ ಸಾಗುತ್ತಾರೆ. ಆದರೆ ಕನ್ನಡಿಗರ ಅಂತಃಕರಣವು ಈ ಚಿಕ್ಕ ‘ಅಲಿ’ ಪ್ರತ್ಯಯದಲ್ಲಿ ನೆಲೆಸಿರುವಷ್ಟು ಮತ್ತಾವ ಪ್ರತ್ಯಯದಲ್ಲಿಯೂ ನೆಲೆಸಿದಂತಿಲ್ಲ.

ಇದರ ನಿಯಮ ಅತಿ ಸರಳವಾದುದು. ಕಲಿ-ಕಲಿಯಲಿ, ಮಾಡು-ಮಾಡಲಿ. ಅವನು, ಅವಳು, ಅದು, ಅವರು ಎಂಬ ಲಿಂಗ ವಚನಗಳ ಭೇದ ಇದಕ್ಕಿಲ್ಲ. ಆಜ್ಞೆಯಲ್ಲಿ ‘ಬಾ’, ‘ತಾ’ ಎಂದು ರೂಪ ಬದಲಿಸುವ ಧಾತುಗಳೂ ಹಾರೈಕೆಯಲ್ಲಿ ‘ಬರಲಿ’, ‘ತರಲಿ’ ಎಂದು ಕ್ರಮಕ್ಕೆ ಬರುತ್ತವೆ. ಹಳಗನ್ನಡದಲ್ಲಿ ಈ ಕಾರ್ಯವನ್ನು ‘ಅಕ್ಕೆ’, ‘ಕುಡುಗೆ’ ಎಂಬಂಥ ರೂಪಗಳು ನಿರ್ವಹಿಸುತ್ತಿದ್ದವು. ಇಂದಿನ ಲಕ್ಷ್ಮೇಶ್ವರವೇ ಅಂದಿನ ಪುಲಿಗೆರೆ. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಅದೂ ಒಂದು, 10ನೆಯ ಶತಮಾನದಲ್ಲಿ ಪಂಪನು ತನ್ನ ಕಾವ್ಯದ ನುಡಿಯೆಂದು ಹೇಳಿಕೊಂಡದ್ದೂ ಆ ಪುಲಿಗೆರೆಯ ಕನ್ನಡವನ್ನೇ.

ದೂರದ ಸ್ಪೇನ್ ದೇಶದ ಭಾಷೆಯಲ್ಲಿಯೂ ಇಂಥದೇ ಒಂದು ವ್ಯವಸ್ಥೆಯಿದೆ. ಅಲ್ಲಿ ಧಾತುವಿನ ಕೊನೆಯ ಸ್ವರವು ಪಲ್ಲಟಗೊಳ್ಳುತ್ತದೆ: ‘ಆಬ್ಲಾ’ ಎಂದರೆ ಮಾತಾಡುತ್ತಾನೆ, ‘ಆಬ್ಲೆ’ ಎಂದರೆ ಮಾತಾಡಲಿ, ‘ಕೋಮೆ’ ಎಂದರೆ ಉಣ್ಣುತ್ತಾನೆ, ‘ಕೋಮಾ’ ಎಂದರೆ ಉಣ್ಣಲಿ. ಲೋಕವೆಲ್ಲ ಕೇಳಿದ ‘ವಿವಾ’ ಎಂಬ ಘೋಷವು ‘ಬಾಳಲಿ’ ಎಂಬ ಹಾರೈಕೆಯೇ ಆಗಿದೆ. ಅವರು ಹಾರೈಸುವಾಗ ಮೊದಲಿಗೆ ಬಳಸುವ ‘ಓಹಲಾ’ ಎಂಬ ಪದವು ಅರಬ್ಬಿ ಮೂಲದ್ದು. ದೇವರ ಇಚ್ಛೆಯನ್ನು ನೆನೆಯುವ ನುಡಿ. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠದ ಶಿರಹಟ್ಟಿಯವರಿಗೆ ಆ ಪದದ ಭಾವವು ಪರಕೀಯವೆನಿಸದು.

ಆದರೆ ಒಂದು ಸೂಕ್ಷ್ಮವನ್ನು ಕನ್ನಡವು ಬೇರೆಯಾಗಿಯೇ ಕಾಯ್ದುಕೊಂಡಿದೆ. ಕಪ್ಪತಗುಡ್ಡದ ಕಡೆಗೆ ಮೋಡವನ್ನು ನೋಡುವ ಮುಂಡರಗಿಯ ಒಕ್ಕಲಿಗನು ‘ಮಳೆ ಬಂದೀತು’ ಎಂದರೆ ಅದು ಊಹೆ, ಸಂಭಾವನಾರ್ಥಕ. ‘ಮಳೆ ಬರಲಿ’ ಎಂದರೆ ಅದು ಪ್ರಾರ್ಥನೆ. ಊಹೆ ತಪ್ಪಿದರೆ ನುಡಿದವನ ಲೆಕ್ಕ ತಪ್ಪಿದಂತೆ. ಮಳೆ ಬಾರದೆ ಹೋದರೂ ಪ್ರಾರ್ಥನೆ ಸುಳ್ಳಾಗುವುದಿಲ್ಲ. ‘ಹಾಜರಿರತಕ್ಕದ್ದು’ ಎಂಬ ಸೂಚನೆಗೂ ‘ಎಲ್ಲರೂ ಬರಲಿ’ ಎಂಬ ಕರೆಗೂ ಇರುವ ಅಂತರ ಇಂಥದೇ. ಮೊದಲನೆಯದರಲ್ಲಿ ಅಧಿಕಾರವಿದೆ, ಎರಡನೆಯದರಲ್ಲಿ ಫಲವು ತನ್ನ ಕೈಯಲ್ಲಿಲ್ಲವೆಂಬ ವಿನಯವಿದೆ. ‘ಹಾಳಾಗಲಿ’ ಎಂಬ ಶಾಪವೂ ಇದೇ ಪ್ರತ್ಯಯದಿಂದ ಹುಟ್ಟುವುದರಿಂದ ಇದನ್ನು ನುಡಿವವನ ಹೊಣೆ ದೊಡ್ಡದು.

ಗದಗಿನ ತೋಂಟದಾರ್ಯ ಮಠ, ಮುಂಡರಗಿಯ ಅನ್ನದಾನೀಶ್ವರ ಮಠಗಳಂಥ ಪೀಠಗಳು ವಿದ್ಯಾಸಂಸ್ಥೆಗಳನ್ನು ಕಟ್ಟಿದುದು ‘ಬಡವರ ಮಕ್ಕಳೂ ಕಲಿಯಲಿ’ ಎಂಬ ಎರಡು ಮೂರು ಪದಗಳ ಬಲದಿಂದ. ಕೊಠಡಿಗೆ ಕಲ್ಲು ಕೊಟ್ಟವರು, ಪ್ರಸಾದ ನಿಲಯಕ್ಕೆ ಜೋಳ ಕಳಿಸಿದವರು ಆ ಮಕ್ಕಳ ಮುಂದಿನ ಬಾಳನ್ನು ಕಂಡವರೇನಲ್ಲ. ಕಾಣದ ಫಲಕ್ಕಾಗಿ ಕೊಡುವುದೇ ದಾಸೋಹ; ಅದರ ವ್ಯಾಕರಣವೇ ವಿಧ್ಯರ್ಥ. ಗುರುಗಳು ಈ ಪಾಠವನ್ನು ಹೇಳುವಾಗ ರೂಪಗಳೊಡನೆ ಈ ಭಾವವನ್ನೂ ಮಕ್ಕಳಿಗೆ ತಿಳಿಸಲಿ.